ಅರ್ಜಿ ಹಾಕಿ ಕಾದಿದ್ದೇ ಬಂತು, ಅಂಗವಿಕಲರ ಪಿಂಚಣಿ ಯಾವಾಗ ಬರುತ್ತೆ?

ಪ್ರಶ್ನೆ: ನನ್ನ ಗಂಡ ಅಡಿಕೆ ಕೊಯ್ಯೋವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯ್ತು, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡಿಗೇ ತಿಂಗಳುಗಟ್ಟಲೆ ಕಾದ್ವಿ, ಒಂದ್ಸಲ ಆಟೋ ಮಾಡ್ಕೊಂಡು ಆಸ್ಪತ್ರೆಗೆ ಹೋದ್ರೆ ಅವತ್ತು ಡಾಕ್ಟರ್ ರಜೆ. ಕಾರ್ಡ್ ಬಂದ್ಮೇಲೆ ನಾಡಕಚೇರೀಲಿ ಪಿಂಚಣಿಗೆ ಅರ್ಜಿ ಕೊಟ್ಟಿದೀವಿ, ಯಾವಾಗ ಕೇಳಿದ್ರೂ ಸರ್ವರ್ ಇಲ್ಲ ಮುಂದಿನ ವಾರ ಬನ್ನಿ ಅಂತಾರೆ. ಐದು ಸಾವಿರ ಕೊಟ್ರೆ ಮಾಡಿಸ್ತೀನಿ ಅಂತ ಒಬ್ಬ ಏಜೆಂಟ್ ಬೆನ್ನು ಬಿದ್ದಿದಾನೆ. ಇವರು ನನ್ನಿಂದ ನಿಮಗೆಲ್ಲ ಭಾರ ಅಂತ ಸರಿಯಾಗಿ ಊಟಾನೂ ಮಾಡ್ತಿಲ್ಲ. ಏನ್ ಮಾಡ್ಲಿ?
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ನೀವು ಕೊನೇಲಿ ಬರೆದದ್ದಕ್ಕೆ ಮೊದಲು ಉತ್ತರ ಹೇಳ್ತೀನಿ ತಾಯಿ, ಪಿಂಚಣಿ ಇನ್ನೂ ಒಂದು ವಾರ ಲೇಟಾದ್ರೂ ತಡ್ಕೋಬಹುದು, ಊಟ ಬಿಡೋದನ್ನ ಮಾತ್ರ ಹಂಗೇ ಬಿಡಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡ್ತಾರೆ, ಇವತ್ತೇ ಮಾಡಿ, ನಿಮ್ಮ ಯಜಮಾನ್ರೂ ಮಾತಾಡ್ಲಿ ನೀವೂ ಮಾತಾಡಿ, ಯಾಕಂದ್ರೆ ನೋಡ್ಕೊಳ್ಳೋರಿಗೂ ನಿದ್ದೆ ಹೋಗಿರುತ್ತೆ ಅದನ್ನ ಯಾರೂ ಕೇಳಲ್ಲ. ಇನ್ನೊಂದು, ಅರ್ಜಿ ಅವರದ್ದು ಅಲ್ವಾ, ಅದರ ಫೋನ್ ಕೆಲಸ ಎಲ್ಲಾ ಅವರ ಕೈಗೇ ಕೊಡಿ. ಯಾವತ್ತು ಯಾರಿಗೆ ಮಾಡಿದ್ರು ಏನ್ ಹೇಳಿದ್ರು ಅಂತ ಒಂದು ನೋಟ್‌ಬುಕ್ಕಲ್ಲಿ ಅವರೇ ಬರೆದಿಡ್ಲಿ. ನಿಮಗೆ ಓಡಾಟ ಕಮ್ಮಿ ಆಗುತ್ತೆ, ಅವರಿಗೂ ತನ್ನ ಕೆಲಸ ತಾನು ಮಾಡ್ಕೊಂಡೆ ಅನ್ನೋದು ಇರುತ್ತೆ.

ಈಗ ಅರ್ಜಿ ವಿಷಯ. ನಾಡಕಚೇರೀಲಿ ಕೊಟ್ಟ ಸ್ವೀಕೃತಿ ಚೀಟಿ ತೆಗೀರಿ, ಅದರಲ್ಲಿ ಜಿಎಸ್‌ಸಿ ನಂಬರ್ ಅಂತ ನಿಮ್ಮ ಅರ್ಜಿಯ ಗುರುತಿನ ನಂಬರ್ ಇರುತ್ತೆ, ವಿಲೇವಾರಿ ಆಗಬೇಕಾದ ಕೊನೇ ದಿನಾಂಕಾನೂ ಇರುತ್ತೆ. ಎಷ್ಟೋ ಜನ ಆ ದಿನಾಂಕ ನೋಡೋದೇ ಇಲ್ಲ, ಮಡಚಿ ಪಾಸ್‌ಬುಕ್ ಒಳಗೆ ಇಟ್ಟುಬಿಡ್ತಾರೆ, ಆಮೇಲೆ ಇಂಕು ಹೋಗಿ ಏನೂ ಕಾಣಲ್ಲ, ಹಾಗಾಗಿ ಮೊದಲು ಒಂದು ಫೋಟೋ ತೆಗೆದಿಡಿ. ಸರ್ಕಾರಿ ಸೇವೆ ಗಡುವಿನೊಳಗೇ ಸಿಗಬೇಕು ಅನ್ನೋ ಸಕಾಲ ಕಾಯ್ದೆ 2012ರಿಂದ ಜಾರಿಯಲ್ಲಿದೆ, ಗಡುವು ಮೀರಿದ್ರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕೋ ಹಕ್ಕು ನಿಮಗಿದೆ, ತಡವಾದ ಒಂದೊಂದು ದಿನಕ್ಕೂ 20 ರೂಪಾಯಿ ಲೆಕ್ಕದಲ್ಲಿ 500ರ ತನಕ ಪರಿಹಾರಾನೂ ಕೇಳಬಹುದು. ಮೊತ್ತ ಸಣ್ಣದು ನಿಜ, ಆದ್ರೆ ಅಪೀಲು ಬಂತು ಅಂದ್ರೆ ತಡ ಯಾಕಾಯ್ತು ಅಂತ ಆಫೀಸಿನೋರು ಮೇಲಿನವರಿಗೆ ಉತ್ತರ ಕೊಡಬೇಕಾಗುತ್ತೆ, ನಿಮಗೆ ಬೇಕಿರೋದೂ ಅದೇ.

ಆಫೀಸಿಗೆ ಹೋದಾಗ "ನಮ್ದು ಆಯ್ತಾ" ಅಂತ ಕೇಳಬೇಡಿ, ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. "ಫೈಲ್ ಈಗ ಯಾರ ಲಾಗಿನ್‌ನಲ್ಲಿದೆ" ಅಂತ ಕೇಳಿ. ಗ್ರಾಮ ಆಡಳಿತಾಧಿಕಾರಿ ವರದಿ ಹಾಕಬೇಕು, ಆಮೇಲೆ ಕಂದಾಯ ನಿರೀಕ್ಷಕರು, ಆಮೇಲೆ ತಹಶೀಲ್ದಾರ್ ಕಚೇರಿ, ಎಲ್ಲಿ ನಿಂತಿದ್ಯೋ ಅಲ್ಲಿಗೇ ಹೋಗಿ ಕೇಳಿ. ಬಾಯಿಮಾತಲ್ಲಿ ಕೇಳಿ ಸಾಕಾದ್ರೆ ಆರ್‌ಟಿಐ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. 1902ಕ್ಕೆ ಫೋನ್ ಮಾಡಿ ಜನಸ್ಪಂದನ ಅನ್ನೋ ಸರ್ಕಾರದ ದೂರು ವ್ಯವಸ್ಥೇಲೂ ದೂರು ದಾಖಲಿಸಿ. ಏಜೆಂಟಿಗೆ ಮಾತ್ರ ಒಂದು ರೂಪಾಯೀನೂ ಕೊಡಬೇಡಿ, ಅವನ ಹತ್ರ ಯಾವ ಲಾಗಿನ್ನೂ ಇಲ್ಲ, ಆಫೀಸಿನೋರೇ ದುಡ್ಡು ಕೇಳಿದ್ರೆ ಲೋಕಾಯುಕ್ತಕ್ಕೆ ದೂರು ಕೊಡಿ.

ಪಂಚಾಯ್ತಿಗೊಬ್ರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ವಿಆರ್‌ಡಬ್ಲ್ಯೂ ಅಂತಾರೆ, ಅವರೂ ಹೆಚ್ಚಾಗಿ ಅಂಗವಿಕಲರೇ, ಆಫೀಸುಗಳ ಒಳಹೊರಗೆಲ್ಲ ಗೊತ್ತಿರುತ್ತೆ, ಅವರನ್ನ ಮನೆಗೇ ಕರೆಸಿ. ಗ್ರಾಮ ಪಂಚಾಯ್ತಿ ತನ್ನ ಅನುದಾನದಲ್ಲಿ ಶೇ. 5ರಷ್ಟನ್ನ ಅಂಗವಿಕಲರಿಗೆ ಖರ್ಚು ಮಾಡಲೇಬೇಕು, ಅದಕ್ಕೆ ಪಿಂಚಣಿ ಆದೇಶ ಬರಲಿ ಅಂತ ಕಾಯ್ಬೇಕಿಲ್ಲ, ಗಾಳಿ ಹಾಸಿಗೆ ಬೇಕು ಅಂತ ಪಿಡಿಒಗೆ ಈಗಲೇ ಲಿಖಿತ ಅರ್ಜಿ ಕೊಟ್ಟು ಸೀಲ್ ಹಾಕಿದ ಕಾಪಿ ಇಸ್ಕೊಳ್ಳಿ. ಹಾಸಿಗೆ ಬರೋ ತನಕಾನೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸ್ತಾ ಇರಿ, ಬೆನ್ನು ಸೊಂಟದ ಹತ್ರ ಚರ್ಮ ಕೆಂಪಗಾಗಿದ್ಯಾ ಅಂತ ದಿನಾ ನೋಡಿ, ಸ್ಪರ್ಶ ಇಲ್ಲದ ಕಡೆ ಹುಣ್ಣಾದ್ರೆ ಅವರಿಗೇ ಗೊತ್ತಾಗಲ್ಲ.

ಇನ್ನೂ ಯುಡಿಐಡಿಗೇ ಕಾಯ್ತಾ ಇರೋ ಓದುಗರಿಗೂ ಒಂದು ಮಾತು. ಸರ್ಟಿಫಿಕೇಟ್ ಕೊಡೋಕೆ ಒಂದು ತಿಂಗಳಿದ್ದ ಗಡುವನ್ನ 2024ರಲ್ಲಿ ಮೂರು ತಿಂಗಳಿಗೆ ಏರಿಸಿದಾರೆ. ಎದ್ದು ಕೂರೋಕಾಗದವರನ್ನ ಇನ್ನೂ ಕಾಯಿಸೋದು ನನಗಂತೂ ಸರಿ ಕಾಣಲ್ಲ. ಎರಡು ವರ್ಷ ದಾಟಿದ್ರೂ ತೀರ್ಮಾನ ಆಗದ ಅರ್ಜಿ ನಿಷ್ಕ್ರಿಯ ಆಗಿಬಿಡುತ್ತೆ, ಆದ್ದರಿಂದ ಆಗಾಗ ಸ್ಟೇಟಸ್ ನೋಡ್ತಾ ಇರಿ.

ಪ್ರಶ್ನೆ: ನನ್ನ ತಮ್ಮನಿಗೆ ಪಿಂಚಣಿ ಮಂಜೂರಾತಿ ಆದೇಶ ಬಂದು ತಿಂಗಳುಗಳಾಯ್ತು, ದುಡ್ಡು ಮಾತ್ರ ಬಂದಿಲ್ಲ. ಬ್ಯಾಂಕಲ್ಲಿ ಆಧಾರ್ ಲಿಂಕ್ ಆಗಿದೆ ಅಂತಾರೆ.
– ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಆಧಾರ್ ಲಿಂಕ್ ಬೇರೆ, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ದುಡ್ಡು ಯಾವ ಖಾತೆಗೆ ಬರಬೇಕು ಅಂತ ಆಧಾರಿಗೆ ಗುರುತು ಮಾಡೋದು) ಬೇರೆ, ಬ್ಯಾಂಕಲ್ಲಿ ಎರಡನೇದನ್ನ ಹೆಸರು ಹೇಳಿ ಕೇಳಿ. ಆಧಾರ್ ಕೊನೇಲಿ ಯಾವ ಖಾತೆಗೆ ಮ್ಯಾಪ್ ಆಗಿರುತ್ತೋ ದುಡ್ಡು ಅಲ್ಲಿಗೇ ಹೋಗೋದು, ನಡುವೆ ಬೇರೆ ಬ್ಯಾಂಕಲ್ಲೋ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಲ್ಲೋ ಖಾತೆ ತೆಗೆದಿದ್ರೆ ಅದನ್ನ ಒಮ್ಮೆ ಚೆಕ್ ಮಾಡಿ, ಎಷ್ಟೋ ಜನರ ಪಿಂಚಣಿ ಅಲ್ಲೇ ಸುಮ್ನೆ ಕೂತಿರುತ್ತೆ. ಡಿಬಿಟಿ ಕರ್ನಾಟಕ ಆ್ಯಪಲ್ಲಿ ಆಧಾರ್ ಹಾಕಿದ್ರೆ ಯಾವ ಖಾತೆಗೆ ಎಷ್ಟು ಹೋಗಿದೆ ಅಂತ ಕಾಣುತ್ತೆ. ಅಲ್ಲೂ ಇಲ್ಲ ಅಂದ್ರೆ ಆದೇಶದ ಕಾಪಿ ಹಿಡ್ಕೊಂಡು ತಾಲೂಕು ಕಚೇರಿಯ ಪಿಂಚಣಿ ವಿಭಾಗಕ್ಕೆ ಹೋಗಿ, ಆಧಾರಲ್ಲಿರೋ ಹೆಸರು ಆದೇಶದಲ್ಲಿರೋ ಹೆಸರು ಅಕ್ಷರಕ್ಕಕ್ಷರ ಒಂದೇ ಇದ್ಯಾ ಅಂತ ಎದುರಿಗೇ ತಾಳೆ ನೋಡಿಸಿ.