ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ: ರೋಮ್ ಕ್ರೈಸ್ತವಾದ ಬಗೆ

ಪ್ರಶ್ನೆ: ಮೇಷ್ಟ್ರೇ, ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರೈಸ್ತನಾದ, ಅದಕ್ಕೇ ರೋಮ್ ಸಾಮ್ರಾಜ್ಯವೂ ಕ್ರೈಸ್ತವಾಯಿತು ಎಂದು ನಮ್ಮ ಗೈಡ್‌ನಲ್ಲಿದೆ. ಇಷ್ಟೇನಾ?
(ಪಿಯುಸಿ ವಿದ್ಯಾರ್ಥಿನಿ, ಹಾಸನ)

ಉತ್ತರ: ಇಷ್ಟೇ ಅಲ್ಲಮ್ಮ. ಕಾಲೇಜಿನಲ್ಲಿ ಪಾಠ ಮಾಡುವಾಗ ಈ ಒಂದು ಸಾಲಿನ ಉತ್ತರ ಕಂಡರೆ ನನಗೆ ಸಂಕಟವಾಗುತ್ತಿತ್ತು. ಮೊದಲ ಮುನ್ನೂರು ವರ್ಷದ ಜನರೇ ಅದರಲ್ಲಿ ಇಲ್ಲವಲ್ಲ.

ಕಾನ್‌ಸ್ಟಂಟೈನ್ ರೋಮಿನ ಹತ್ತಿರದ ಮಿಲ್ವಿಯನ್ ಸೇತುವೆಯ ಬಳಿ ಯುದ್ಧ ಗೆದ್ದು ಕ್ರೈಸ್ತರ ಕಡೆ ವಾಲಿದ್ದು ಕ್ರಿ.ಶ. 312ರಲ್ಲಿ. ಅದಕ್ಕೂ ಸುಮಾರು 200 ವರ್ಷ ಮುಂಚೆ, ಈಗಿನ ಟರ್ಕಿಯ ಉತ್ತರ ಕರಾವಳಿಯಲ್ಲಿ ಪ್ಲಿನಿ ಎಂಬಾತ ಗವರ್ನರ್ ಆಗಿದ್ದ. ಕ್ರೈಸ್ತರನ್ನು ಏನು ಮಾಡಬೇಕೆಂದು ತೋಚದೆ ಟ್ರೇಜನ್ ಚಕ್ರವರ್ತಿಗೆ ಪತ್ರ ಬರೆದ. ಆ ಪತ್ರ ನಮಗೆ ಉಳಿದಿದೆ. ಪೇಟೆಗಳು ಹಾಗಿರಲಿ, ಹಳ್ಳಿಗಾಡಿಗೂ ಇದು ಹಬ್ಬಿದೆ, ಗುಡಿಗಳು ಬಿಕೋ ಎನ್ನುತ್ತಿದ್ದವು, ಬಲಿ ಕೊಟ್ಟ ಪ್ರಾಣಿಯ ಮಾಂಸ ಕೊಳ್ಳುವವರೇ ಅಪರೂಪವಾಗಿದ್ದರು ಎನ್ನುತ್ತಾನೆ. ಹಾಗಾದರೆ ಈ ಜನ ಮಾಡುತ್ತಿದ್ದುದೇನು? ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರುವುದು. ಕ್ರಿಸ್ತನನ್ನು ದೇವರೆಂದು ಹಾಡುವುದು. ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂದು ಆಣೆ ಇಡುವುದು. ಆಮೇಲೆ ಮತ್ತೆ ಸೇರಿ ಸಾದಾ ಊಟ ಮಾಡುವುದು.

ನಿಜ ಬಾಯಿ ಬಿಡಿಸಬೇಕೆಂದು ಪ್ಲಿನಿ ಇಬ್ಬರು ಗುಲಾಮ ಹೆಂಗಸರಿಗೆ ಚಿತ್ರಹಿಂಸೆ ಕೊಡಿಸಿದ. ಅವರು ಆ ಸಭೆಯ ಸೇವಕಿಯರು ಎಂದೂ ಬರೆದ. ಅಲ್ಲಿ ಅದೊಂದು ಹುದ್ದೆ. ರೋಮಿನ ಕಾನೂನು ದನಕರುವಿನ ಹಾಗೆ ಸ್ವತ್ತು ಎಂದು ಬರೆದುಕೊಂಡಿದ್ದ ಇಬ್ಬರು ಹೆಂಗಸರಿಗೆ ಆ ಸಭೆಯಲ್ಲಿ ಹುದ್ದೆ ಇತ್ತು! ಈ ಧರ್ಮ ಯಾಕೆ ಬೆಳೆಯಿತು ಎಂದು ಕೇಳುವವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಪತ್ರ, ಸುಮಾರು 251ರದು. ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದದ್ದು. ತನ್ನ ಸಭೆಯಲ್ಲಿ 46 ಪಾದ್ರಿಗಳಿದ್ದಾರೆ, 1500ಕ್ಕೂ ಹೆಚ್ಚು ವಿಧವೆಯರು ಮತ್ತು ಕಷ್ಟದಲ್ಲಿರುವವರು ಸಭೆಯ ಆಸರೆಯಲ್ಲಿದ್ದಾರೆ ಎನ್ನುತ್ತಾನೆ. ಅಷ್ಟು ಜನರ ಹೊಟ್ಟೆಪಾಡು ಭಕ್ತರು ಕೊಟ್ಟ ಕಾಣಿಕೆಯಿಂದಲೇ ನಡೆಯಬೇಕಿತ್ತು. ಅವನ ಹಿಂದಿನ ಬಿಷಪ್ ಫೇಬಿಯನ್ 250ರಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟಿದ್ದ. ಅದೇ ವರ್ಷಗಳಲ್ಲಿ ದೊಡ್ಡ ಪಿಡುಗೂ ಬಂತು. ಉಳಿದವರು ಕಾಯಿಲೆಯವರನ್ನು ಬೀದಿಗೆ ತಳ್ಳಿದರು, ನಮ್ಮವರು ಆರೈಕೆ ಮಾಡುತ್ತಲೇ ಸತ್ತರು ಎಂದು ಅಲೆಕ್ಸಾಂಡ್ರಿಯದ ಬಿಷಪ್ ಡಯೊನೀಸಿಯಸ್ ಬರೆಯುತ್ತಾನೆ. ತನ್ನವರ ಬಗ್ಗೆ ಬರೆದದ್ದು, ಸ್ವಲ್ಪ ಕಳೆದೇ ಓದಬೇಕು. ಆದರೆ ಎದುರಾಳಿಯ ಸಾಕ್ಷಿಯೂ ಇದೆ. ಜೂಲಿಯನ್ ಚಕ್ರವರ್ತಿ (361–363) ಹಳೆಯ ದೇವರುಗಳ ಪೂಜೆಗೆ ಮತ್ತೆ ಜೀವ ತುಂಬಲು ಹೊರಟವನು. ತನ್ನ ಕಡೆಯ ಪ್ರಧಾನ ಅರ್ಚಕನೊಬ್ಬನಿಗೆ ಬರೆದ: ಆ ಗಲಿಲೇಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದುದೇ ಹಾಗೆ) ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮ್ಮವರಿಗೆ ನಮ್ಮಿಂದ ಏನೂ ಸಿಗುತ್ತಿಲ್ಲ, ಇದು ನಾಚಿಕೆಗೇಡು. ಆಗದವನ ಬಾಯಿಂದ ಬಂದ ಮಾತಿಗೆ ತೂಕ ಜಾಸ್ತಿ, ಅಲ್ವಾ?

ಕಾನ್‌ಸ್ಟಂಟೈನ್ ಮಾಡಿದ್ದೂ ಕಡಿಮೆಯೇನಲ್ಲ. ಕ್ರೈಸ್ತರಿಂದ ಕಿತ್ತುಕೊಂಡಿದ್ದ ಆಸ್ತಿ ವಾಪಸ್ ಕೊಡಿಸಿದ, ಚರ್ಚು ಕಟ್ಟಿಸಿದ, ಪಾದ್ರಿಗಳಿಗೆ ಊರಿನ ಕಡ್ಡಾಯ ಕೆಲಸಗಳಿಂದ ವಿನಾಯಿತಿ ಕೊಟ್ಟ. ರಾಜ ಒಲಿದ ಮೇಲೆ ಜನ ದಂಡು ಕಟ್ಟಿಕೊಂಡು ಬಂದರು. ತಾನು ಮಾತ್ರ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಸಾಯುವ ಮುಂಚೆ. ಆದರೆ ಅವನು ಬರುವ ಹೊತ್ತಿಗೇ ಊರೂರಲ್ಲಿ ಬಿಷಪ್‌ಗಳಿದ್ದರು, ಕಾಣಿಕೆ ಹಣ ಇತ್ತು, ಅದರಲ್ಲಿ ಊಟ ಮಾಡುವ ವಿಧವೆಯರಿದ್ದರು. ಇದನ್ನೆಲ್ಲ ಕಟ್ಟಿದವರಲ್ಲಿ ಮುಕ್ಕಾಲು ಪಾಲು ಜನರ ಹೆಸರು ಯಾವ ಗೈಡ್‌ನಲ್ಲೂ ಬರುವುದಿಲ್ಲ.

ಪ್ರಶ್ನೆ: ರೋಮನ್ನರು ಎಲ್ಲ ದೇವರನ್ನೂ ಒಪ್ಪುವವರು. ಕ್ರೈಸ್ತರ ಮೇಲೆ ಮಾತ್ರ ಯಾಕೆ ಸಿಟ್ಟು?
(ಓದುಗರು, ಉಡುಪಿ)

ಉತ್ತರ: ಈಜಿಪ್ಟಿನ ಐಸಿಸ್ ದೇವಿಗೂ ರೋಮಿನಲ್ಲಿ ಜಾಗ ಸಿಕ್ಕಿತ್ತು, ನಿಜ. ಆದರೆ ನಿಮ್ಮ ದೇವರ ಜೊತೆ ನಮ್ಮ ದೇವರಿಗೂ ಕೈ ಮುಗಿಯಿರಿ ಎಂಬ ಕರಾರು ಇತ್ತು. ದೇವರುಗಳು ಮುನಿದರೆ ನಾಡಿಗೇ ಕೇಡು ಎಂದು ಅವರು ನಿಜವಾಗಿ ನಂಬಿದ್ದರು. ಯೆಹೂದ್ಯರದೂ ಒಬ್ಬನೇ ದೇವರು, ಆದರೆ ಅದು ತಾತ ಮುತ್ತಾತರ ಕಾಲದ್ದು ಎಂದು ಸಹಿಸಿಕೊಂಡಿದ್ದರು. ಕ್ರೈಸ್ತರದು ಹೊಸದು, ಮೇಲಾಗಿ ಬಲಿಪೂಜೆಗೆ ಒಲ್ಲೆ ಎನ್ನುವವರು.

ಹಾಗಂತ ಮುನ್ನೂರು ವರ್ಷವೂ ಬೇಟೆ ನಡೆಯಲಿಲ್ಲ. ಪ್ಲಿನಿಗೆ ಟ್ರೇಜನ್ ಕೊಟ್ಟ ಉತ್ತರವೇ ನೋಡಿ: ಅವರನ್ನು ಹುಡುಕಿಕೊಂಡು ಹೋಗಬೇಡ, ತಪ್ಪು ಸಾಬೀತಾದರೆ ಶಿಕ್ಷಿಸು, ಮೂಗರ್ಜಿಗಳನ್ನು ಮುಟ್ಟಲೇಬೇಡ. ಸಾಮ್ರಾಜ್ಯದ ಉದ್ದಕ್ಕೂ ಬಲಿಪೂಜೆ ಕಡ್ಡಾಯವಾದದ್ದು ಡೀಸಿಯಸ್ ಚಕ್ರವರ್ತಿಯ ಕಾಲದಲ್ಲಿ. ಆಗ ಪೂಜೆ ಮಾಡಿದ್ದಕ್ಕೆ ಸರ್ಟಿಫಿಕೇಟ್ ಬೇಕಿತ್ತು! 250ರ ಜೂನ್ ತಿಂಗಳ ಒಂದು ಪಪೈರಸ್ ಚೀಟಿ ಉಳಿದಿದೆ. ಈಜಿಪ್ಟಿನ ಹಳ್ಳಿಯ ಡಯೊಜೆನಿಸ್ ಎಂಬ ಮುದುಕನದು. ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಗುರುತು. ಯಾವಾಗಲೂ ದೇವರಿಗೆ ಬಲಿ ಕೊಡುತ್ತಾ ಬಂದಿದ್ದೇನೆ, ಈಗ ನಿಮ್ಮೆದುರೇ ಕೊಟ್ಟು ಪ್ರಸಾದವನ್ನೂ ತಿಂದಿದ್ದೇನೆ, ದೃಢೀಕರಿಸಿ ಎಂದು ಅಧಿಕಾರಿಗಳನ್ನು ಕೇಳಿಕೊಳ್ಳುತ್ತಾನೆ. ಕ್ರೈಸ್ತರಲ್ಲಿ ಹೆದರಿ ಪೂಜೆ ಮಾಡಿದವರು, ದುಡ್ಡು ಕೊಟ್ಟು ಸುಮ್ನೆ ಚೀಟಿ ಕೊಂಡವರು ಬಹಳ ಮಂದಿ. ಅವರನ್ನು ವಾಪಸ್ ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಆಮೇಲೆ ಸಭೆಗಳಲ್ಲಿ ದೊಡ್ಡ ಜಗಳವೇ ಆಯಿತು.

ನಿಮ್ಮ ಕಡೆಯ ವಿಷಯ ಒಂದು ಸೇರಿಸುತ್ತೇನೆ. ಇಂಥ ಚೀಟಿಗಳು ಸಿಕ್ಕ ಊರುಗಳಲ್ಲಿ ಈಜಿಪ್ಟಿನ ಆಕ್ಸಿರಿಂಕಸ್ ಒಂದು. ಕನ್ನಡ ಮಾತುಗಳಿವೆ ಎಂದು ಮಂಜೇಶ್ವರದ ಗೋವಿಂದ ಪೈಗಳು ವಾದಿಸಿದ ಗ್ರೀಕ್ ಪ್ರಹಸನವೂ ಅಲ್ಲೇ ಸಿಕ್ಕಿದ್ದು. ಅದು ಕನ್ನಡವೇ ಎಂದು ವಿದ್ವಾಂಸರೆಲ್ಲ ಒಪ್ಪಿಲ್ಲ.

ಪ್ರಶ್ನೆ: ಕ್ರೈಸ್ತರು ಕ್ಯಾಟಕೂಂಬ್ ಸುರಂಗಗಳಲ್ಲಿ ಅಡಗಿ ಬದುಕುತ್ತಿದ್ದರೇ?
(ಓದುಗರು, ಬೆಂಗಳೂರು)

ಉತ್ತರ: ಇಲ್ಲ. ಅವು ಸ್ಮಶಾನಗಳು. ಮೆದು ಕಲ್ಲು ಕೊರೆದು ಹೆಣ ಹೂಳುತ್ತಿದ್ದರು. ಪ್ರಾರ್ಥನೆಗೆ ಸೇರುತ್ತಿದ್ದುದು ಹೆಚ್ಚಾಗಿ ಮನೆಗಳಲ್ಲಿ. ಸಿರಿಯಾದ ಡ್ಯೂರಾ ಯೂರೋಪಸ್‌ನಲ್ಲಿ ಹೀಗೆ ಚರ್ಚು ಮಾಡಿಕೊಂಡ 3ನೇ ಶತಮಾನದ ಮನೆಯೇ ಸಿಕ್ಕಿದೆ.

ಪ್ರಶ್ನೆ: ಅಧಿಕಾರ ಬಂದ ಮೇಲೆ ಅವರು ಬೇರೆಯವರನ್ನು ಹೇಗೆ ನೋಡಿಕೊಂಡರು?
(ನಿವೃತ್ತ ಶಿಕ್ಷಕರು, ಕಲಬುರಗಿ)

ಉತ್ತರ: ಇದಕ್ಕೆ ಉತ್ತರಿಸುವಾಗ ಮನಸ್ಸು ಭಾರವಾಗುತ್ತದೆ ಸಾರ್. 313ರಲ್ಲಿ ಯಾರು ಯಾವ ದೇವರನ್ನಾದರೂ ಪೂಜಿಸಲಿ ಎಂದಿದ್ದ ಸಾಮ್ರಾಜ್ಯ, 391ರಲ್ಲಿ ಥಿಯೊಡೋಸಿಯಸ್ ಕಾಲಕ್ಕೆ ಬಲಿಪೂಜೆಯನ್ನೇ ನಿಷೇಧಿಸಿತು. ನಡುವೆ 382ರಲ್ಲಿ ಗ್ರೇಶಿಯನ್ ಚಕ್ರವರ್ತಿ ರೋಮಿನ ಸೆನೆಟ್ ಸಭಾಂಗಣದಿಂದ ವಿಜಯದೇವಿಯ ಪೀಠ ತೆಗೆಸಿದ. ಅದನ್ನು ಮತ್ತೆ ಇಡಿ ಎಂದು 384ರಲ್ಲಿ ಹಳೆಯ ದೇವರುಗಳ ಭಕ್ತನಾದ ಸೆನೆಟ್ ಸದಸ್ಯ ಸಿಮ್ಮಾಕಸ್ ಮನವಿ ಕೊಟ್ಟ. ಎಲ್ಲರೂ ನೋಡುವುದು ಅದೇ ನಕ್ಷತ್ರಗಳನ್ನು, ಅಷ್ಟು ದೊಡ್ಡ ಗುಟ್ಟನ್ನು ಒಂದೇ ದಾರಿಯಲ್ಲಿ ಮುಟ್ಟಲಾಗದು ಎಂದು ಬೇಡಿಕೊಂಡ. ಮಿಲಾನಿನ ಬಿಷಪ್ ಆಂಬ್ರೋಸ್ ಪಟ್ಟು ಹಿಡಿದು ವಿರೋಧಿಸಿದ. ಹುಡುಗ ಚಕ್ರವರ್ತಿ ಎರಡನೇ ವ್ಯಾಲೆಂಟಿನಿಯನ್ ಮನವಿ ತಳ್ಳಿಹಾಕಿದ. ಅದಕ್ಕೂ ನೂರಮೂವತ್ತಕ್ಕೂ ಹೆಚ್ಚು ವರ್ಷ ಮುಂಚೆ ಡಯೊಜೆನಿಸ್‌ನ ಕೈಯಲ್ಲಿ ಚೀಟಿ ಹಿಡಿಸಿದ ಸರ್ಕಾರವನ್ನು ನಾನು ತಪ್ಪು ಅನ್ನುತ್ತೇನಾದರೆ, ಇದನ್ನೂ ತಪ್ಪು ಅನ್ನಲೇಬೇಕು.