ಎಣ್ಣೆ ಗಂಟಲು ಕೆರೆದರೆ ಹಾಳಾಗಿದೆ ಅಂತಲ್ಲ

ಪ್ರಶ್ನೆ: ಮಗಳು ಇಟಲಿಯಿಂದ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ತಂದಿದ್ದಾಳೆ. ಕಹಿ ಇದೆ, ನುಂಗಿದರೆ ಕೆಮ್ಮು ಬರುತ್ತದೆ. ಹಾಳಾಗಿದೆಯಾ? ಇದರ ಆಂಟಿಆಕ್ಸಿಡೆಂಟ್ ಹೃದಯಕ್ಕೆ ಒಳ್ಳೆಯದು ಅನ್ನೋದು ನಿಜವಾ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಚೆಲ್ಲಬೇಡಿ, ಅಮ್ಮಾ! ಹಾಳಾಗಿದ್ದರೆ ಹಳೇ ಶೇಂಗಾದ ಹಾಗೆ ಕಮಟು ವಾಸನೆ ಬರುತ್ತದೆ. ಕಹಿ, ಕೆಮ್ಮು ಎರಡೂ ಒಳ್ಳೆಯ ಗುರುತೇ. ಗಂಟಲು ಕೆರೆಯುವುದು ಓಲಿಯೊಕ್ಯಾಂಥಾಲ್ ಎಂಬ ವಸ್ತುವಿನಿಂದ, ನೋವಿಗೆ ನುಂಗುವ ಐಬುಪ್ರೊಫೆನ್ ತಡೆಯುವ ಕಿಣ್ವಗಳನ್ನೇ ಇದೂ ತಡೆಯುತ್ತದೆ ಅಂತ 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಹಾಗಂತ ಮಾತ್ರೆ ಬಿಟ್ಟು ಎಣ್ಣೆ ಕುಡಿಯಬೇಡಿ, ಅದರಲ್ಲಿರುವುದು ತೀರಾ ಕಡಿಮೆ.

ಹೃದಯದ ವಿಷಯಕ್ಕೆ ಬಂದರೆ, ಮುಖ್ಯವಾದದ್ದು ಹೈಡ್ರಾಕ್ಸಿಟೈರೊಸಾಲ್ ಎಂಬ ಆಂಟಿಆಕ್ಸಿಡೆಂಟ್. ರಕ್ತದಲ್ಲಿರುವ ಕೊಬ್ಬು ಆಕ್ಸಿಡೀಕರಣಗೊಂಡು, ಅಂದರೆ ಆಮ್ಲಜನಕದ ಜೊತೆ ಸೇರಿ, ಕೆಡದಂತೆ ಇದು ಕಾಯುತ್ತದೆ. ದಿನಕ್ಕೆ 20 ಗ್ರಾಂ ಎಣ್ಣೆಯಲ್ಲಿ ಇದು ಮತ್ತು ಇದರ ಬಳಗದ ವಸ್ತುಗಳು ಸೇರಿ 5 ಮಿಲಿಗ್ರಾಂ ಇದ್ದರೆ ಎಣ್ಣೆ ತಯಾರಕರು ಆ ಮಾತು ಹೇಳಿಕೊಳ್ಳಬಹುದು ಅಂತ ಯುರೋಪಿಯನ್ ಒಕ್ಕೂಟ 2012ರಲ್ಲಿ ಒಪ್ಪಿತು. 20 ಗ್ರಾಂ ಎಣ್ಣೆ ಅಂದರೆ ಸುಮಾರು ಒಂದೂವರೆ ದೊಡ್ಡ ಚಮಚ. ಇದು ರಿಫೈನ್ ಮಾಡಿದ, ಬಣ್ಣ ರುಚಿ ಎರಡೂ ಇಲ್ಲದ ಆಲಿವ್ ಎಣ್ಣೆಗೆ ಅನ್ವಯಿಸುವುದಿಲ್ಲ, ರಿಫೈನ್ ಮಾಡುವಾಗ ಈ ವಸ್ತುಗಳು ಬಹುಪಾಲು ಹೋಗಿಬಿಡುತ್ತವೆ.

ಬಾಟಲಿಯನ್ನು ಒಲೆ ಪಕ್ಕ ಇಡಬೇಡಿ, ಕತ್ತಲೆಯ ಕಪಾಟಿನಲ್ಲಿಡಿ. ಕೋಸಂಬರಿಗೆ ಹಸಿಯಾಗಿಯೇ ಹಾಕಿ ನೋಡಿ. ಬಿಪಿ ಇದ್ದರೆ ಜಾಡಿಯಲ್ಲಿ ಸಿಗುವ ಆಲಿವ್ ಕಾಯಿ ಮಾತ್ರ ಜಾಸ್ತಿ ತಿನ್ನಬೇಡಿ, ಅದು ನಮ್ಮ ಉಪ್ಪಿನಕಾಯಿಯಂತೆಯೇ ಉಪ್ಪುನೀರಲ್ಲಿ ನೆಂದಿರುತ್ತದೆ ಅಲ್ವಾ?