ಇಂಗ್ಲೆಂಡಿನಲ್ಲಿ ಕಳ್ಳತನವು ದರೋಡೆಯಾಗುವುದು ಯಾವಾಗ?

ಕೈಲಿದ್ದ ಚೀಲವನ್ನು ಕಿತ್ತುಕೊಂಡು ಓಡಿದರೆ ಅದು ಬರೀ ಕಳ್ಳತನವೇ, ದರೋಡೆಯೇ ಎಂದು ಕೇಳಿದ್ದೀರಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದನ್ನು ನಿರ್ಧರಿಸುವುದು 1968ರ ಕಳ್ಳತನ ಕಾಯಿದೆಯ 8ನೇ ಕಲಂ.

ಮೊದಲಿಗೆ ಕಳ್ಳತನವೇ ಸಾಬೀತಾಗಬೇಕು. ತಾನು ತೆಗೆದುಕೊಂಡ ವಸ್ತುವಿನ ಮೇಲೆ ತನಗೆ ಕಾನೂನುಬದ್ಧ ಹಕ್ಕಿದೆಯೆಂದು ಆರೋಪಿ ಪ್ರಾಮಾಣಿಕವಾಗಿ ನಂಬಿದ್ದರೆ, ಚಾಕು ತೋರಿಸಿದ್ದರೂ ದರೋಡೆಯಾಗದು, ಬೇರೆ ಅಪರಾಧವಾಗಬಹುದು. ಅನಂತರ, ಕದಿಯುವ ಹೊತ್ತಿನಲ್ಲಿ ಅಥವಾ ಅದಕ್ಕೆ ತುಸು ಮುಂಚೆ, ಕದಿಯುವ ಸಲುವಾಗಿಯೇ, ಯಾರ ಮೇಲಾದರೂ ಬಲಪ್ರಯೋಗ ಮಾಡಿರಬೇಕು, ಇಲ್ಲವೇ ಆ ಕ್ಷಣದಲ್ಲೇ ಬಲಪ್ರಯೋಗವಾದೀತೆಂಬ ಭಯವನ್ನು ಹುಟ್ಟಿಸಿರಬೇಕು ಅಥವಾ ಹುಟ್ಟಿಸಲು ಯತ್ನಿಸಿರಬೇಕು. ‘ನಾಳೆ ನೋಡಿಕೊಳ್ಳುತ್ತೇನೆ’ ಎಂಬ ಬೆದರಿಕೆ ಸಾಲದು.

ಎಷ್ಟು ಬಲ ಬೇಕು ಎಂಬುದೇ ನಿಜವಾದ ತೊಡಕು. 1987ರ ಕ್ಲೌಡನ್ ಪ್ರಕರಣದಲ್ಲಿ ಮಹಿಳೆಯ ಕೈಯಿಂದ ಬುಟ್ಟಿಯನ್ನು ಜಗ್ಗಿ ಕಿತ್ತುಕೊಂಡದ್ದೇ ದರೋಡೆಯಾಯಿತು. ಆದರೆ 2012ರ ಒಂದು ಪ್ರಕರಣದಲ್ಲಿ, ಮೈಗೆ ಕೈ ತಾಗದಂತೆ ಬೆರಳುಗಳ ನಡುವಿನ ಸಿಗರೇಟನ್ನು ಎಗರಿಸಿದ್ದು ದರೋಡೆಯಲ್ಲವೆಂದು ಹೈಕೋರ್ಟ್ ಹೇಳಿತು. ಈ ಎರಡನೆಯ ತೀರ್ಪು ನನಗೆ ಹೆಚ್ಚು ಸಮಂಜಸವೆನಿಸುತ್ತದೆ, ಏಕೆಂದರೆ ಕಳ್ಳತನಕ್ಕೆ ಗರಿಷ್ಠ ಶಿಕ್ಷೆ 7 ವರ್ಷವಾದರೆ ದರೋಡೆಗೆ ಜೀವಾವಧಿ.